ಹಗ್ಗದ ಕೊನೆಯ ಒಂದು ಮೀಟರ್: ಡೈನೋಸಾರ್ ಅಳಿವಿನ ಬಗ್ಗೆ ಒಂದು ಶಾಲೆಯ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನಮ್ಮ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಮಾಡೆಲ್ ಮಾಡಿದಳು. ಡೈನೋಸಾರ್‌ಗಳನ್ನು ಕೊಂದದ್ದು ಆಕಾಶದಿಂದ ಬಿದ್ದ ಕಲ್ಲಲ್ಲ, ನಮ್ಮ ದಖ್ಖನ್ನಿನ ಲಾವಾ ಎಂಬುದು ಅದರ ವಾದ. ತೀರ್ಪುಗಾರರು ತಪ್ಪು ಎಂದು ಬದಿಗಿಟ್ಟರು. ಹುಡುಗಿ ಅತ್ತಳು. ಆಮೇಲಿನ ಎರಡು ತಿಂಗಳು ನಾವೆಲ್ಲ ಸೇರಿ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಬೇರೆ ಶಾಲೆಯ ಮೇಷ್ಟ್ರುಗಳಿಗೆ, ಮನೆಯಲ್ಲಿ ಇಂಥ ಪ್ರಶ್ನೆ ಕೇಳುವ ಮಕ್ಕಳಿರುವವರಿಗೆ ಉಪಯೋಗಕ್ಕೆ ಬರಬಹುದು. ಹುಡುಗಿಯ ಹೆಸರು ಬೇಡ. ಮನೆಯಲ್ಲಿ ಕರೆಯುವ ಹಾಗೆ ಪುಟ್ಟಿ ಎನ್ನುತ್ತೇನೆ.

ಕಲ್ಲು ಬಂದದ್ದು ಎಲ್ಲಿಂದ

ಬೇಸಿಗೆ ರಜೆಯಲ್ಲಿ ಪುಟ್ಟಿ ವಿಜಯಪುರಕ್ಕೆ ಹೋಗಿದ್ದಳು. ಅವಳ ಚಿಕ್ಕಪ್ಪನಿಗೆ ಅಲ್ಲಿ ಕೆಲಸ. ನಮ್ಮ ಕಡೆ ಮಣ್ಣು ಕೆಂಪು, ಮನೆ ಕಟ್ಟುವ ಜಂಬಿಟ್ಟಿಗೆಯೂ ಕೆಂಪು. ಅಲ್ಲಿ ನೋಡಿದರೆ ಹೊಲವೆಲ್ಲ ಕಪ್ಪು, ಗೋಳಗುಮ್ಮಟದ ಕಲ್ಲೂ ಕಪ್ಪು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ, "ಇದೆಲ್ಲಾ ಒಂದು ಕಾಲಕ್ಕೆ ಬೆಂಕಿ ಹೊಳೆ ಪುಟ್ಟಿ, ಹರಿದು ಹೆಪ್ಪುಗಟ್ಟಿದ್ದು" ಎಂದರಂತೆ. ಅವಳು ಅಂಗೈ ಅಗಲದ ಒಂದು ಕರಿಕಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ತಂದಳು.

ಚಿಕ್ಕಪ್ಪ ಹೇಳಿದ್ದು ಸರಿ. ದಖ್ಖನ್ ಟ್ರ್ಯಾಪ್ಸ್ ಎಂದು ಭೂವಿಜ್ಞಾನಿಗಳು ಕರೆಯುವ ಲಾವಾ ಹಾಸು ಅದು. ಟ್ರ್ಯಾಪ್ ಅನ್ನುವುದಕ್ಕೆ ಸ್ವೀಡಿಶ್ ಭಾಷೆಯ ಮೆಟ್ಟಿಲು ಎಂಬ ಪದವೇ ಮೂಲ. ಪದರದ ಮೇಲೆ ಪದರ ಕೂತು ಗುಡ್ಡಗಳು ಮೆಟ್ಟಿಲ ಹಾಗೆ ಕಾಣುತ್ತವೆ. ಸವೆದು ಉಳಿದದ್ದೇ ಇವತ್ತು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಮಹಾರಾಷ್ಟ್ರದ ಬಹುಪಾಲು, ಗುಜರಾತ್ ಮತ್ತು ಮಧ್ಯಪ್ರದೇಶದ ದೊಡ್ಡ ಭಾಗಗಳು, ನಮ್ಮ ವಿಜಯಪುರ, ಬೀದರ್, ಕಲಬುರಗಿ, ಬೆಳಗಾವಿ ಕಡೆಯ ನೆಲ ಎಲ್ಲ ಅದರ ಮೇಲಿವೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಅದು 2 ಕಿಲೋಮೀಟರ್‌ಗೂ ಜಾಸ್ತಿ ದಪ್ಪ. ನಮ್ಮ ಮುಳ್ಳಯ್ಯನಗಿರಿಯನ್ನು ಬುಡದಿಂದ ತುದಿಯವರೆಗೆ ಮುಚ್ಚಬಹುದಾದಷ್ಟು. ಇದೆಲ್ಲ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಡೈನೋಸಾರ್‌ಗಳು ಕಣ್ಮರೆಯಾದದ್ದೂ ಆಗಲೇ.

ಈ ಎರಡನ್ನೂ ಒಂದೇ ಪುಟದಲ್ಲಿ ಓದಿದ ಮಗುವಿಗೆ ಏನು ಅನ್ನಿಸಬೇಕೋ ಅದೇ ಪುಟ್ಟಿಗೂ ಅನ್ನಿಸಿತು. ಅವಳಿಗಿಂತ ಮೊದಲು ಅಮೆರಿಕದ ಡ್ಯೂಯಿ ಮೆಕ್ಲೀನ್, ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೊ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆರ್ಟಾ ಕೆಲ್ಲರ್ ಅಂಥ ವಿಜ್ಞಾನಿಗಳಿಗೆ ಅನ್ನಿಸಿದ್ದೂ ಇದೇ. ಕೆಲ್ಲರ್ ಅಂತೂ ಇದರ ಹಿಂದೆ ದಶಕಗಳನ್ನೇ ಕಳೆದರು. ಸಹ್ಯಾದ್ರಿ ಕಡೆಯಿಂದ ಸುಮಾರು ಸಾವಿರ ಕಿಲೋಮೀಟರ್ ಹರಿದ ಲಾವಾ ಆಂಧ್ರದ ರಾಜಮಂಡ್ರಿಯವರೆಗೆ ಹೋಗಿದೆ. ಅಲ್ಲಿನ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಸಮುದ್ರದ ಕೆಸರಿನಲ್ಲಿ ಸೂಕ್ಷ್ಮ ಚಿಪ್ಪುಜೀವಿಗಳನ್ನು ಅವರ ತಂಡ ಎಣಿಸಿ ನೋಡಿತು. ಪದರ ಹೆಚ್ಚಿದ ಹಾಗೆ ಜಾತಿಗಳು ಕಡಿಮೆಯಾಗಿದ್ದವು. ಹಾಗಾಗಿ ಈ ವಾದ ಸುಮ್ನೆ ಕಟ್ಟಿದ ಕಥೆ ಅಲ್ಲ.

ಪ್ರದರ್ಶನದ ದಿನ

ಮಾಡೆಲ್ ಚೆನ್ನಾಗಿತ್ತು. ಅಗಲವಾದ ಅಡಿಕೆ ಹಾಳೆಗಳನ್ನು ಮೆಟ್ಟಿಲ ಹಾಗೆ ಜೋಡಿಸಿ ಮೇಲೆ ಇದ್ದಿಲ ಪುಡಿ ಮೆತ್ತಿದ್ದಳು. ನಡುವೆ ವಿಜಯಪುರದ ಕಲ್ಲು. ಹಿಂದೆ ರಟ್ಟಿನ ಮೇಲೆ ಒಂದು ದೊಡ್ಡ ಫೋಟೋ: ನಮ್ಮ ಶಾಲಾ ಪ್ರವಾಸದಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ತೆಗೆದ ಕಲ್ಲಿನ ಕಂಬಗಳು. ಕೆಳಗೆ "ದಖ್ಖನ್ ಲಾವಾ, ನಾವು ಕಣ್ಣಾರೆ ಕಂಡದ್ದು" ಎಂದು ಬರೆದಿತ್ತು.

ತೀರ್ಪುಗಾರರಲ್ಲಿ ಒಬ್ಬರು ಎರಡೇ ನಿಮಿಷ ನಿಂತರು. "ಉಲ್ಕೆ ಬಿದ್ದು ಸತ್ತದ್ದು ಅಂತ ಎಲ್ಲರಿಗೂ ಗೊತ್ತು. ಇಲ್ಲದ್ದನ್ನ ಹೇಳಬಾರದು" ಎಂದು ಮುಂದಕ್ಕೆ ಹೋದರು. ಪುಟ್ಟಿ ಬಾಯಿ ತೆರೆಯುವಷ್ಟರಲ್ಲಿ ಅವರು ಪಕ್ಕದ ಹನಿ ನೀರಾವರಿ ಮಾಡೆಲ್ ಹತ್ತಿರ ಇದ್ದರು.

ನನಗೆ ತುಂಬ ಬೇಜಾರಾಯಿತು. ಬಸ್ಸಿನಲ್ಲಿ ಬರುವಾಗ ಅವಳಿಗೆ, "ನಿನ್ನ ವಾದವೇ ಸರಿ, ಅವರಿಗೆ ಗೊತ್ತಿಲ್ಲ" ಎಂದುಬಿಟ್ಟೆ. ಈ ಪ್ರಕರಣದಲ್ಲಿ ನನ್ನಿಂದ ಆದ ತಪ್ಪು ಅದು. ತೀರ್ಪುಗಾರರು ಉತ್ತರ ಹೇಳಿ ಪ್ರಶ್ನೆ ಮುಚ್ಚಿದ್ದರು. ನಾನೂ ಅದನ್ನೇ ಮಾಡಿದೆ, ಉತ್ತರ ಬೇರೆ ಇತ್ತು ಅಷ್ಟೆ. ರಾತ್ರಿ ಕೂತು ಓದತೊಡಗಿದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಮಾಡೆಲ್‌ನಲ್ಲಿ ನಿಜಕ್ಕೂ ಒಂದು ತಪ್ಪಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಸೇಂಟ್ ಮೇರೀಸ್ ದ್ವೀಪದ ಕಂಬಗಳು ಜ್ವಾಲಾಮುಖಿಯಿಂದ ಆದವೇ, ಆದರೆ ದಖ್ಖನ್ ಲಾವಾಕ್ಕೂ ಅವಕ್ಕೂ ಸಂಬಂಧ ಇಲ್ಲ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದ ಕಲ್ಲು ಅದು. ವಯಸ್ಸು ಸುಮಾರು 8.8 ಕೋಟಿ ವರ್ಷ. ಡೈನೋಸಾರ್ ಅಳಿವಿಗಿಂತ ಎರಡು ಕೋಟಿ ವರ್ಷಕ್ಕೂ ಹಿಂದಿನದು.

ಮರುದಿನ ಇದನ್ನು ಪುಟ್ಟಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಕೋಟಿ ಅಂದ್ರೆ ಎಷ್ಟು ಸರ್? ಜಾಸ್ತಿನಾ?" ಎಂದಳು. ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು.

ಹಗ್ಗ

ಕೋಟಿ ಅನ್ನುವುದು ಮಕ್ಕಳಿಗೆ ಬರೀ ಸದ್ದು. ನಮಗೂ ಹಾಗೇ, ಅಲ್ವಾ? ಅದಕ್ಕೆ ಅಡಿಕೆ ಕೊನೆ ಇಳಿಸುವ ಹಗ್ಗಗಳನ್ನು ಮಕ್ಕಳು ಮನೆಯಿಂದ ತಂದರು. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಹಗ್ಗ ಸಿಕ್ಕಿತು. ಒಂದಕ್ಕೊಂದು ಗಂಟು ಹಾಕಿ 66 ಮೀಟರ್ ಅಳೆದು ಆಟದ ಬಯಲಿನಲ್ಲಿ ಎಳೆದೆವು. ಒಂದು ಮೀಟರ್‌ಗೆ 10 ಲಕ್ಷ ವರ್ಷ. ಒಂದು ಸೆಂಟಿಮೀಟರ್‌ಗೆ 10 ಸಾವಿರ. ಧ್ವಜಕಂಬದ ಹತ್ತಿರದ ತುದಿ ಇವತ್ತಿನ ದಿನ. ಕೆಳದಿ ಅರಸರಿಂದ ಈಚೆಗಿನ 500 ವರ್ಷ ಅರ್ಧ ಮಿಲಿಮೀಟರ್‌ನಲ್ಲಿ ಮುಗಿಯಿತು. ಮಕ್ಕಳು ಅಲ್ಲೇ ಕೂತುಬಿಟ್ಟರು.

ಒಬ್ಬ ಹುಡುಗ, "ನಮ್ಮ ಶಾಲೆ ಅಡಿ ಕಲ್ಲು ಎಷ್ಟು ಹಳೇದು?" ಎಂದ. ಶಿವಮೊಗ್ಗ ಸೀಮೆಯ ತಳದ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಅದಕ್ಕೆ ಎರಡೂವರೆ ಕಿಲೋಮೀಟರ್ ಹಗ್ಗ ಬೇಕು ಎಂದು ಅವರೇ ಲೆಕ್ಕ ಹಾಕಿದರು. ನಮ್ಮ ಬಂಡೆಗಳಲ್ಲಿ ಡೈನೋಸಾರ್ ಮೂಳೆ ಯಾಕೆ ಸಿಗುವುದಿಲ್ಲ ಅನ್ನುವುದಕ್ಕೂ ಅದೇ ಉತ್ತರ. ಈ ಕಲ್ಲು ಹುಟ್ಟುವಾಗ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ಮೂಳೆ ಬೇಕಾದರೆ ಗುಜರಾತಿನ ರಹಿಯೋಲಿಗೋ ಮಧ್ಯಪ್ರದೇಶದ ಜಬಲ್ಪುರಕ್ಕೋ ಹೋಗಬೇಕು. ಜಬಲ್ಪುರದಲ್ಲಿ 1828ರಲ್ಲೇ ಮೂಳೆ ಸಿಕ್ಕಿದ್ದವು. ನರ್ಮದಾ ಕಣಿವೆಯ ಮಾಂಸಾಹಾರಿ ಡೈನೋಸಾರ್‌ಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಿಟ್ಟರು.

ಆಮೇಲೆ ಎಲ್ಲರೂ ಹಗ್ಗದ ಆ ತುದಿಗೆ ಹೋದೆವು. ದಖ್ಖನ್ ಲಾವಾದ ಮುಖ್ಯ ಉಕ್ಕು ನಡೆದದ್ದು ಹೆಚ್ಚುಕಡಿಮೆ 10 ಲಕ್ಷ ವರ್ಷದೊಳಗೆ. ಅಂದರೆ ಹಗ್ಗದಲ್ಲಿ ಒಂದು ಮೀಟರ್. ಆಕಾಶದ ಕಲ್ಲು ಬಿದ್ದದ್ದು ಒಂದು ದಿನ. ಅದು ಸೂಜಿಮೊನೆಗೂ ಸಿಗುವುದಿಲ್ಲ. ಇಡೀ ಜಗಳ ಇರುವುದು ಈ ಒಂದು ಮೀಟರ್‌ನೊಳಗೆ ಸೂಜಿಯನ್ನು ಎಲ್ಲಿ ಚುಚ್ಚಬೇಕು ಅನ್ನುವುದರಲ್ಲಿ.

ಉಲ್ಕೆಯ ವಾದವನ್ನೂ ಮಕ್ಕಳಿಗೆ ನ್ಯಾಯವಾಗಿ ಹೇಳಬೇಕಿತ್ತು. 1980ರಲ್ಲಿ ಭೌತವಿಜ್ಞಾನಿ ಲೂಯಿಸ್ ಅಲ್ವಾರೆಜ್, ಅವರ ಮಗ ಭೂವಿಜ್ಞಾನಿ ವಾಲ್ಟರ್ ಮತ್ತು ಇಬ್ಬರು ಸಂಗಡಿಗರು ಇದನ್ನು ಮುಂದಿಟ್ಟರು. ಇಟಲಿಯ ಗುಬ್ಬಿಯೋ ಊರಿನ ಹತ್ತಿರ ಬಂಡೆಗಳ ನಡುವೆ ಒಂದು ತೆಳು ಜೇಡಿಮಣ್ಣಿನ ಪದರ ಇದೆ. ಅದರಲ್ಲಿ ಇರಿಡಿಯಂ ಎಂಬ ಲೋಹ ಇರಬೇಕಾದ್ದಕ್ಕಿಂತ ಸುಮಾರು 30 ಪಟ್ಟು ಜಾಸ್ತಿ ಇತ್ತು. ಭೂಮಿಯ ಮೇಲ್ಪದರದಲ್ಲಿ ಇರಿಡಿಯಂ ತೀರಾ ಅಪರೂಪ, ಆಕಾಶದ ಕಲ್ಲುಗಳಲ್ಲಿ ಹೇರಳ. ಮೇಘಾಲಯದಲ್ಲೂ ಇಂಥ ಪದರ ಇದೆ.

ಇಲ್ಲಿ ಪುಟ್ಟಿ ಕೈ ಎತ್ತಿದಳು. ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯ ಹೊಗೆಯಲ್ಲೂ ಇರಿಡಿಯಂ ಸಿಕ್ಕಿದೆ ಎಂದು ಓದಿಕೊಂಡು ಬಂದಿದ್ದಳು. ನಿಜ, 1983ರಲ್ಲಿ ಸಿಕ್ಕಿತು. ನನಗೆ ಬಹಳ ಖುಷಿಯಾಯಿತು. ಆದರೆ ಅದೇ ಪದರದಲ್ಲಿ 1984ರಲ್ಲಿ ಇನ್ನೊಂದು ವಸ್ತು ಸಿಕ್ಕಿತು: ಒಳಗೆಲ್ಲ ಗೀರು ಬಿದ್ದ ಬೆಣಚುಕಲ್ಲಿನ ಕಣ. ಭಾರೀ ಹೊಡೆತ ಬಿದ್ದಾಗ ಮಾತ್ರ ಬೆಣಚು ಹೀಗೆ ಸಾಲುಸಾಲಾಗಿ ಗೀರಿಕೊಳ್ಳುತ್ತದೆ. ಮೆಲ್ಲಗೆ ಉಕ್ಕಿ ಹರಿಯುವ ಲಾವಾಕ್ಕೆ ಆ ಶಕ್ತಿ ಇಲ್ಲ. ಮೆಕ್ಸಿಕೋದ ಚಿಕ್ಷುಲುಬ್‌ನಲ್ಲಿ ನೆಲದಡಿ ಹೂತುಹೋದ ಸುಮಾರು 180 ಕಿಲೋಮೀಟರ್ ಅಗಲದ ಕುಳಿಯನ್ನು 1991ರಲ್ಲಿ ಈ ಪದರದ ಜೊತೆ ಹೊಂದಿಸಿದರು. ಬಿದ್ದ ಕಲ್ಲಿನ ಅಗಲ 10 ಕಿಲೋಮೀಟರ್ ಆಸುಪಾಸು. ಕೊಡಚಾದ್ರಿಯನ್ನು ಏಳು ಸಲ ಒಂದರ ಮೇಲೊಂದು ಇಟ್ಟರೂ ಅಷ್ಟಾಗುವುದಿಲ್ಲ.

ಕಲ್ಲು ಬಿದ್ದದ್ದು ಡೈನೋಸಾರ್ ಅಳಿಯುವುದಕ್ಕಿಂತ ಸುಮಾರು 3 ಲಕ್ಷ ವರ್ಷ ಮೊದಲೇ, ಆದ್ದರಿಂದ ಅದು ಕಾರಣ ಆಗಲಾರದು ಎಂಬುದು ಕೆಲ್ಲರ್ ವಾದವಾಗಿತ್ತು. ಹಗ್ಗದಲ್ಲಿ 30 ಸೆಂಟಿಮೀಟರ್. 2013ರಲ್ಲಿ ಪಾಲ್ ರೆನ್ ಅವರ ತಂಡ ಹೊಸದಾಗಿ ವಯಸ್ಸು ಅಳೆಯಿತು. ಎರಡೂ ಘಟನೆಗಳ ನಡುವೆ 32 ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ ಇರಲಾರದು ಎಂದು ಬಂತು. ಹಗ್ಗದಲ್ಲಿ 3.2 ಸೆಂಟಿಮೀಟರ್. ಪುಟ್ಟಿ ಬೆರಳಿಟ್ಟು ಅಳೆದು ನೋಡಿದಳು. ಅವಳ ಎರಡು ಬೆರಳಿನ ಅಗಲ. 66 ಮೀಟರ್ ಆಚೆಗೆ ನಡೆದದ್ದನ್ನು ಎರಡು ಬೆರಳಿನೊಳಗೆ ಹಿಡಿಯುತ್ತಾರಲ್ಲ, ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಆಗುಂಬೆ ಲೆಕ್ಕ

ಲಾವಾ ಹೇಗೆ ಕೊಲ್ಲುತ್ತದೆ? ಉರಿದು ಸತ್ತವು ಎಂದು ಮೊದಲು ಎಲ್ಲ ಮಕ್ಕಳೂ ಅಂದುಕೊಂಡಿದ್ದರು. ಅಮೆರಿಕದಲ್ಲಿದ್ದ ಡೈನೋಸಾರ್‌ಗೆ ದಖ್ಖನ್ನಿನ ಬೆಂಕಿ ತಾಗುವುದಿಲ್ಲ. ತಾಗುವುದು ಹೊಗೆ. ಗಂಧಕದ ಹೊಗೆ ಮೇಲೇರಿ ಬಿಸಿಲನ್ನು ತಡೆದು ಚಳಿ ತರುತ್ತದೆ, ಮಳೆಯನ್ನು ಆಮ್ಲ ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ಸಾವಿರಾರು ವರ್ಷ ಗಾಳಿಯಲ್ಲಿ ನಿಂತು ಬಿಸಿ ಏರಿಸುತ್ತದೆ.

ಐಸ್‌ಲ್ಯಾಂಡಿನ ಲಾಕಿಯಲ್ಲಿ 1783ರ ಜೂನ್‌ನಿಂದ ಎಂಟು ತಿಂಗಳು ಲಾವಾ ಉಕ್ಕಿತು. ಒಟ್ಟು ಸುಮಾರು 14 ಘನ ಕಿಲೋಮೀಟರ್. ಅಷ್ಟಕ್ಕೇ ದನಕರು ಸತ್ತು, ಬರ ಬಂದು, ಆ ದೇಶದ ಐದರಲ್ಲಿ ಒಂದು ಪಾಲು ಜನ ತೀರಿಕೊಂಡರು. ದಖ್ಖನ್ ಲಾವಾ 5 ಲಕ್ಷ ಘನ ಕಿಲೋಮೀಟರ್‌ಗೂ ಜಾಸ್ತಿ ಎಂಬುದು ಸಾಮಾನ್ಯ ಅಂದಾಜು. ಪುಟ್ಟಿ ಭಾಗಿಸಿದಳು. ಮೂವತ್ತೈದು ಸಾವಿರಕ್ಕೂ ಹೆಚ್ಚು ಲಾಕಿಗಳು. 10 ಲಕ್ಷ ವರ್ಷಕ್ಕೆ ಹಂಚಿದರೆ 28 ವರ್ಷಕ್ಕೊಂದು. "ನೋಡಿ ಸರ್, ಎಲ್ಲಾ ಸಾಯ್ಲೇಬೇಕು" ಎಂದಳು.

ಆಗ ನನಗೆ ಆಗುಂಬೆ ನೆನಪಾಯಿತು. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. 365 ದಿನಕ್ಕೆ ಹಂಚಿದರೆ ದಿನಕ್ಕೆ 20 ಮಿಲಿಮೀಟರ್ ಆಸುಪಾಸು, ಒಂದು ಒಳ್ಳೆಯ ಸೋನೆ ಮಳೆ. ಅಷ್ಟೇ ಆದರೆ ಹಳ್ಳ ಉಕ್ಕುವುದಿಲ್ಲ, ತೋಟಕ್ಕೆ ಕೊಳೆರೋಗ ಬರುವುದಿಲ್ಲ. ಆದರೆ ಅದು ಬರುವುದು ಬಹುಪಾಲು ನಾಲ್ಕೇ ತಿಂಗಳಲ್ಲಿ. ಎಷ್ಟು ಬಂತು ಅನ್ನುವುದಕ್ಕಿಂತ ಹೇಗೆ ಬಂತು ಅನ್ನುವುದು ಮುಖ್ಯ ಎಂದು ಮಲೆನಾಡಿನ ಯಾವ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ.

ಲಾವಾವೂ ಹಾಗೇ. ಗಂಧಕದ ಹೊಗೆ ಕೆಲವೇ ವರ್ಷದಲ್ಲಿ ಮಳೆಗೆ ತೊಳೆದುಹೋಗುತ್ತದೆ. ಒಂದು ಉಕ್ಕಿಗೂ ಇನ್ನೊಂದಕ್ಕೂ ಸಾವಿರ ವರ್ಷ ಬಿಡುವು ಇದ್ದರೆ ಕಾಡು ಮತ್ತೆ ಚಿಗುರುತ್ತದೆ. ಆ ಬಿಡುವು ಇತ್ತು ಅನ್ನುವುದಕ್ಕೆ ದಖ್ಖನ್ ಕಲ್ಲಿನಲ್ಲೇ ಗುರುತಿದೆ. ಎಷ್ಟೋ ಕಡೆ ಎರಡು ಕಪ್ಪು ಪದರದ ನಡುವೆ ಕೆಂಪು ಮಣ್ಣಿನ ಗೆರೆ ಇರುತ್ತದೆ. ಲಾವಾ ಆರಿ, ಮಳೆ ಬಿದ್ದು, ಕಲ್ಲು ಕೊಳೆತು ಮಣ್ಣಾಗುವಷ್ಟು ಕಾಲ ಸಿಕ್ಕಿತ್ತು ಎಂದು ಅದರ ಅರ್ಥ. ಕೆಲವು ಕಡೆ ಕೆರೆಗಳೂ ಆಗಿದ್ದವು. ಕಚ್ಛದ ಅಂಜಾರ್ ಹತ್ತಿರ ಲಾವಾ ಪದರಗಳ ನಡುವಿನ ಕೆಸರಿನಲ್ಲಿ ಡೈನೋಸಾರ್ ಮೂಳೆ, ಮೊಟ್ಟೆಚಿಪ್ಪು ಸಿಕ್ಕಿವೆ. ಅಂದರೆ ಲಾವಾ ಹರಿಯಲು ಶುರುವಾದ ಮೇಲೂ ಅದೇ ನೆಲದಲ್ಲಿ ಡೈನೋಸಾರ್‌ಗಳು ಓಡಾಡಿ ಮೊಟ್ಟೆ ಇಟ್ಟಿದ್ದವು.

ಇದನ್ನು ಹೇಳಿದ ದಿನ ಪುಟ್ಟಿ ಮಾತಾಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಕಪ್ಪೆಯ ಪ್ರಶ್ನೆ

ಒಂದು ವಾರ ಬಿಟ್ಟು ಬಂದಳು. ಮನೆಯಲ್ಲಿ ಎಲ್ಲ ಹೇಳಿದ್ದಾಳೆ. ಅಜ್ಜಿ ಕೇಳಿದರಂತೆ: "ಅಷ್ಟು ದೊಡ್ಡ ಪ್ರಾಣಿ ಸತ್ತುಹೋತು ಅಂತೀಯ. ಹಂಗಾದ್ರೆ ಕಪ್ಪೆ ಹೆಂಗೆ ಉಳೀತು?"

ಎಂಥ ಪ್ರಶ್ನೆ! ಮಳೆ ನಿಂತು ಹಳ್ಳದ ನೀರು ತಿಳಿಯಾದ ಮೇಲೆ ನಮ್ಮ ಮಲೆನಾಡಿನಲ್ಲಿ ಬಂಡೆ ಮೇಲೆ ಕೂತು ಹಿಂಗಾಲು ಬೀಸುವ ಪುಟ್ಟ ಕಪ್ಪೆಗಳು ಕಾಣುತ್ತವೆ. ಕುಣಿಯುವ ಕಪ್ಪೆ ಎನ್ನುತ್ತಾರೆ. ಅದರಲ್ಲಿ ಒಂದು ಜಾತಿಗೆ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರೇ ಇದೆ. 1937ರಲ್ಲಿ ಸಿ. ಆರ್. ನಾರಾಯಣ ರಾವ್ ಅವರು ಅದನ್ನು ವಿವರಿಸಿದರು. ಈ ಕಪ್ಪೆ ಕುಟುಂಬ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಇದರ ವಂಶ ಡೈನೋಸಾರ್ ಅಳಿವಿಗೂ ಮೊದಲೇ ಕವಲೊಡೆದದ್ದು ಎಂದು ಡಿಎನ್‌ಎ ಅಧ್ಯಯನ ಹೇಳುತ್ತದೆ. ಕಪ್ಪೆಯ ಚರ್ಮ ಎಷ್ಟು ನಾಜೂಕು ಎಂದು ತೋಟಕ್ಕೆ ಔಷಧಿ ಹೊಡೆಯುವವರಿಗೆಲ್ಲ ಗೊತ್ತು. ಆಗ ಭಾರತ ಸಮುದ್ರದ ನಡುವೆ ತೇಲುತ್ತಿದ್ದ ಒಂಟಿ ನೆಲ. ಓಡಿಹೋಗಲು ಜಾಗವೇ ಇರಲಿಲ್ಲ. ಲಾವಾ ಉಕ್ಕಿದ ಅದೇ ನೆಲದಲ್ಲಿ ಈ ವಂಶ ಉಳಿದು ಬಂದಿದೆ. ಮುಂಬಯಿಯ ವರ್ಲಿಯಲ್ಲೂ ಲಾವಾ ಪದರಗಳ ನಡುವಿನ ಕಲ್ಲಿನಲ್ಲಿ ಪುಟ್ಟ ಕಪ್ಪೆಗಳ ಅಚ್ಚು 19ನೇ ಶತಮಾನದಲ್ಲೇ ಸಿಕ್ಕಿತ್ತು.

ಕಪ್ಪೆಯಿಂದ ಲಾವಾದ ವಾದ ಪೂರ್ತಿ ಬೀಳುವುದಿಲ್ಲ. ಕಪ್ಪೆ ಉಲ್ಕೆಯನ್ನೂ ದಾಟಿ ಬಂದಿದೆಯಲ್ಲ. ಸಣ್ಣ ಮೈ, ಕಡಿಮೆ ಆಹಾರ, ಕೆಸರಲ್ಲಿ ಹುದುಗಿ ಕೂರುವ ಶಕ್ತಿ ಎರಡೂ ಕಡೆ ಕೈ ಹಿಡಿಯುತ್ತವೆ. ಡೈನೋಸಾರ್ ವಂಶದಲ್ಲೂ ಹಕ್ಕಿಗಳು ಉಳಿದವು. ತೋಟದಲ್ಲಿ ತರಗೆಲೆ ಕೆದಕುವ ಕಾಡುಕೋಳಿ ಅದೇ ಬಳಗದ್ದು. ಆದರೆ ಹೊಗೆಗೂಡಿನ ಬಾಯಲ್ಲೇ ಕೂತಿದ್ದ ಕಪ್ಪೆ ಬದುಕಿದ್ದು, ದೂರದ ಅಮೆರಿಕದಲ್ಲಿ ದೈತ್ಯರು ಸತ್ತದ್ದು, ಇದನ್ನು ಬರೀ ಲಾವಾದಿಂದ ವಿವರಿಸಲು ಬಹಳ ಕಷ್ಟ ಎಂದು ಪುಟ್ಟಿಗೆ ಅನ್ನಿಸಿತು. ನನಗೂ ಅನ್ನಿಸಿತು.

ಎಲ್ಲಿಗೆ ಬಂತು

2019ರ ಫೆಬ್ರುವರಿಯಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ದಖ್ಖನ್ ಲಾವಾದ ವಯಸ್ಸನ್ನು ಪ್ರಕಟಿಸಿದವು. ಪ್ರಿನ್ಸ್‌ಟನ್ ತಂಡದ ಪ್ರಕಾರ ಲಾವಾ ನಾಲ್ಕು ದೊಡ್ಡ ಉಕ್ಕುಗಳಲ್ಲಿ ಬಂತು. ಅದರಲ್ಲಿ ಒಂದು, ಅಳಿವಿಗೆ ಕೆಲವು ಹತ್ತು ಸಾವಿರ ವರ್ಷ ಮೊದಲು ಶುರುವಾಯಿತು. ಅಮೆರಿಕದ್ದೇ ಆದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡದ ಪ್ರಕಾರ ಲಾವಾದ ಮುಕ್ಕಾಲು ಪಾಲು ಹೊರಬಂದದ್ದೇ ಅಳಿವಿನ ನಂತರ. ಅಳೆದ ವಿಧಾನ ಬೇರೆ, ಆರಿಸಿದ ಕಲ್ಲು ಬೇರೆ. ಇಬ್ಬರೂ ಹೋಗಿದ್ದು ನಮ್ಮ ಸಹ್ಯಾದ್ರಿಗೇ. ಉಲ್ಕೆಯ ಹೊಡೆತಕ್ಕೆ ಭೂಮಿ ಅದುರಿ, ಮೊದಲೇ ಉಕ್ಕುತ್ತಿದ್ದ ಲಾವಾ ಇನ್ನೂ ಜೋರಾಯಿತು ಎಂಬ ಊಹೆಯನ್ನು ಬರ್ಕ್ಲಿಯ ಮಾರ್ಕ್ ರಿಚರ್ಡ್ಸ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟಿದ್ದರು. ಪುಟ್ಟಿಗೆ ಇದು ತುಂಬ ಹಿಡಿಸಿತು. 2020ರಲ್ಲಿ ಬಂದ ಅಧ್ಯಯನಗಳು ಮಾತ್ರ ಉಲ್ಕೆಯ ಕಡೆಗೇ ವಾಲಿದವು. ಲಾವಾದ ಅನಿಲದಿಂದ ಸಮುದ್ರ ಬಿಸಿಯಾದದ್ದು ನಿಜ, ಆದರೆ ಆ ಬಿಸಿ ಅಳಿವಿಗೆ ಮೊದಲೇ ಇಳಿದುಹೋಗಿತ್ತು ಎಂದು ಒಂದು ಹೇಳಿತು. ಇಡೀ ಭೂಮಿಯಲ್ಲಿ ಡೈನೋಸಾರ್ ಬದುಕಲಾಗದಂಥ ಚಳಿ ಬರಲು ಉಲ್ಕೆಯೇ ಬೇಕು ಎಂದು ಇನ್ನೊಂದು ಲೆಕ್ಕ ಹಾಕಿತು.

ನನ್ನ ತೀರ್ಮಾನ ಹೀಗಿದೆ. ಕೊಂದ ಹೊಡೆತ ಉಲ್ಕೆಯದ್ದು ಎನ್ನುವುದಕ್ಕೆ ಸಾಕ್ಷಿ ಜಾಸ್ತಿ. ಲಾವಾ ಆ ಕಾಲದ ಹವೆಯನ್ನು ಕಲಕಿತ್ತು ಅನ್ನುವುದೂ ನಿಜ. ತೀರ್ಪುಗಾರರ ಉತ್ತರ ಹೆಚ್ಚುಕಡಿಮೆ ಸರಿಯೇ ಇತ್ತು. ಆದರೆ ಅವರು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಈ ಫೋಟೋದ ಕಲ್ಲು ಎಷ್ಟು ಹಳೆಯದು? ಮಗು ಅಲ್ಲಿಂದಲೇ ಹೊರಡುತ್ತಿದ್ದಳು. ಮೆಕ್ಸಿಕೋದ ಕುಳಿಯ ಚಿತ್ರವನ್ನು ಮಕ್ಕಳಿಗೆ ತೋರಿಸುತ್ತೇವೆ, ವಿಜಯಪುರದ ಕಲ್ಲನ್ನು ಕೈಗೆ ಕೊಡುವುದಿಲ್ಲ ಅನ್ನುವ ನೋವು ನನಗೆ ಈಗಲೂ ಇದೆ. ಜಗತ್ತಿನ ವಿಜ್ಞಾನಿಗಳು ಸುತ್ತಿಗೆ ಹಿಡಿದು ಬರುವುದು ಆ ಕಲ್ಲಿಗೆ.

ಪುಟ್ಟಿ ಮಾಡೆಲ್ ಅನ್ನು ಎಸೆಯಲಿಲ್ಲ. "ಕೊಂದದ್ದು ಯಾರು?" ಎಂಬ ತಲೆಬರಹದ ಕೆಳಗೆ ಈಗ ಎರಡು ಕಡೆಯ ಸಾಕ್ಷಿಗಳೂ ಇವೆ. ಅಜ್ಜಿಯ ಕಪ್ಪೆಗೂ ಒಂದು ಚೀಟಿ ಇದೆ. ಕೊಯ್ಲಿಗೆ ಬೇಕೆಂದು ಹಗ್ಗಗಳು ಮನೆಗೆ ವಾಪಸ್ ಹೋದವು. ಅವುಗಳ ಬದಲು ಸುಣ್ಣದ ಗೆರೆ ಎಳೆದಿದ್ದೇವೆ. ಕೊನೆಯ ಒಂದು ಮೀಟರ್‌ಗೆ ಮಾತ್ರ ಇದ್ದಿಲ ಪುಡಿ. ಸೇಂಟ್ ಮೇರೀಸ್ ದ್ವೀಪದ ಫೋಟೋವನ್ನು ಪುಟ್ಟಿಯೇ ಟೇಪ್ ಹಿಡಿದು ಅಳೆದು ಅಂಟಿಸಿದಳು. ಅದು ಈಗ ಗೆರೆ ಮುಗಿದು 22 ಮೀಟರ್ ಆಚೆ, ನೀರಿನ ಟ್ಯಾಂಕಿನ ಗೋಡೆ ಮೇಲಿದೆ.